ಮೂರು ಸಲ ಆರಾಮ

ಐದನೆಯ ರೊಟ್ಟಿ ಹಂಚಿನ ಮೇಲೆ ಉಬ್ಬುತ್ತಿದ್ದಾಗ ಬಾಗಿಲಲ್ಲಿ ಪೋಸ್ಟಿನವನು ಕೂಗಿದ. ರೊಟ್ಟಿ ಬಡಿಯುತ್ತಿರುವ ಹೆಂಗಸನ್ನು ನಡುವೆ ಎಬ್ಬಿಸಬಾರದು ಎಂಬ ತಿಳಿವಳಿಕೆ ನಮ್ಮ ಕೆಲಗೇರಿಯ ನಾಯಿಗಳಿಗೂ ಇದೆ, ಅವನಿಗಿಲ್ಲ. ಜೋಳದ ಹಿಟ್ಟಿನ ಕೈಯಲ್ಲೇ ಸಹಿ ಮಾಡಿದೆ. ಸರ್ಕಾರಿ ಲಕೋಟೆಯ ಮೇಲೆ ನನ್ನ ನಾಲ್ಕು ಬೆರಳು ಬಿಳಿಯಾಗಿ ಮೂಡಿದವು.

ಅದು ನಮ್ಮ ಮನೆಯವರ ಅಂಗವಿಕಲ ಮಾಸಾಶನದ ಕಾಗದ ಎಂದು ನೋಡಿದ ಕೂಡಲೇ ತಿಳಿಯಿತು. ಮನೆಯವರು ಅಂದರೆ ಹನಮೇಶ, ಮನೆಗಳಿಗೆ ಬಣ್ಣ ಹಚ್ಚುವವರು. ಎಂಟು ತಿಂಗಳ ಹಿಂದೆ ಹುಬ್ಬಳ್ಳಿಯಲ್ಲಿ ಒಂದು ಮನೆಯ ಎರಡನೆಯ ಮಹಡಿಗೆ ಬಣ್ಣ ಹಚ್ಚುವಾಗ ಏಣಿಯಿಂದ ಬಿದ್ದರು. ಭುಜದೊಳಗಿನ ನರ ಹರಿದು ಬಲಗೈ ಜೋತುಬಿತ್ತು. ದೊಡ್ಡ ಡಾಕ್ಟರು ಹಿಂದೆ ಮುಂದೆ ತಿರುಗಿಸಿ ನೋಡಿ ಶೇಕಡಾ ಎಪ್ಪತ್ತು ಎಂದು ಸರ್ಟಿಫಿಕೇಟು ಬರೆದುಕೊಟ್ಟರು. ಇವರಿಗೆ ಸಾಲಿಯಲ್ಲಿ ಯಾವ ವಿಷಯದಲ್ಲೂ ಅಷ್ಟು ಅಂಕ ಬಿದ್ದಿರಲಿಲ್ಲ. ಅತ್ತೆ ಹನುಮವ್ವನವರು ಅದನ್ನು ಕೇಳಿ, ವಿಷಯ ಪೂರಾ ತಿಳಿಯುವ ಮೊದಲೇ, ಪಕ್ಕದ ಎರಡು ಮನೆಗೆ ಸಕ್ಕರೆ ಕೊಟ್ಟು ಬಂದಿದ್ದರು.

ಕಾಗದ ಓದುವುದು ಪಕ್ಕದ ಮನೆಯ ಮಕ್ತುಮಸಾಬ ಕಾಕಾ ಅವರ ಹಕ್ಕು. ಕೋರ್ಟಿನ ಎದುರು ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಮೂವತ್ತು ವರ್ಷ ಮಂದಿಯ ಅರ್ಜಿ ಬಡಿದವರು. ನಮ್ಮ ಓಣಿಯಲ್ಲಿ ಮದುವೆಯ ಆಮಂತ್ರಣವನ್ನೂ ಅವರು ಓದಿ "ಇದರಾಗ ಲೋಪ ಏನಿಲ್ಲ" ಅಂದ ಮೇಲೆಯೇ ಜನ ಊಟಕ್ಕೆ ಹೊರಡುವುದು. ಅವರು ಕಟ್ಟೆಯ ಮೇಲೆ ಕೂತು, ಕನ್ನಡಕ ಏರಿಸಿ, ನ್ಯಾಯಾಧೀಶರ ಧ್ವನಿಯಲ್ಲಿ ಓದಿದರು:

"ಸ್ಥಳ ಪರಿಶೀಲನೆ ಕಾಲಕ್ಕೆ ಅರ್ಜಿದಾರರನ್ನು ಖುದ್ದು ವಿಚಾರಿಸಲಾಗಿ, ಸದರಿಯವರು ತಾವು ಆರಾಮವಾಗಿರುವುದಾಗಿ ಮೂರು ಸಲ ತಿಳಿಸಿರುತ್ತಾರೆ. ಬಲಗೈಯನ್ನು ಕಿಸೆಯಲ್ಲಿಟ್ಟುಕೊಂಡು ನಿರಾಳವಾಗಿ ನಿಂತಿದ್ದುದೂ ಕಂಡುಬಂದಿದೆ. ವೈದ್ಯಕೀಯ ಪ್ರಮಾಣಪತ್ರಕ್ಕೂ ಅರ್ಜಿದಾರರ ಸ್ವಂತ ಹೇಳಿಕೆಗೂ ತಾಳೆಯಾಗದ ಕಾರಣ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಮೂವತ್ತು ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು."

ಒಳಗಿನಿಂದ ರೊಟ್ಟಿ ಸುಟ್ಟ ವಾಸನೆ ಬಂತು. ಯಾರೂ ಏಳಲಿಲ್ಲ.

"ಮೂರು ಸಲ," ಎಂದರು ಕಾಕಾ, ಕನ್ನಡಕ ತೆಗೆದು. "ಒಮ್ಮೆ ಅಂದಿದ್ರ ಬಾಯಿ ತಪ್ಪಿತು ಅಂತ ವಾದ ಮಾಡಬಹುದಿತ್ತು ಹನಮೇಶಾ. ಮೂರು ಸಲ ಅಂದ್ರ ಹೆಂಗಪಾ? ನಮ್ಮ ಮಂದ್ಯಾಗ ಮೂರು ಸಲ ಕಬೂಲ್ ಅಂದ್ರ ಲಗ್ನನ ಆಗಿಹೋಗತೈತಿ."

"ಅವರು ಕೇಳಿದ್ರು, ನಾ ಹೇಳಿದೆ," ಎಂದರು ಇವರು. "ಮನಿಗೆ ಬಂದವರು ಆರಾಮ ಅಂತ ಕೇಳಿದ್ರ ಮತ್ತೇನ ಅನ್ನಬೇಕ್ರಿ ಕಾಕಾ?"

ನಮ್ಮ ಕಡೆ ಆರಾಮ ಎಂದರೆ ನಮಸ್ಕಾರವಿದ್ದ ಹಾಗೆ. ಹೆಣ ಹೊತ್ತು ಹೊರಟವರೂ ದಾರಿಯಲ್ಲಿ ಪರಿಚಯದವರು ಸಿಕ್ಕರೆ ಹೆಗಲು ಬದಲಿಸುತ್ತ "ಆರಾಮ?" ಎನ್ನುತ್ತಾರೆ, ಎದುರಿನವರು "ಆರಾಮ್ರೀ" ಎಂದು ದಾರಿ ಬಿಡುತ್ತಾರೆ. ಆದರೆ ಪರಿಶೀಲನೆಗೆ ಬಂದಿದ್ದವರು ಮೈಸೂರಿನ ಆಚೆಯ ಯಾವುದೋ ಊರಿನ ಎಳೆಯ ಹುಡುಗ. ಈ ಕಡೆಯ ನೌಕರಿಗೆ ಬಂದು ಎರಡು ತಿಂಗಳಾಗಿತ್ತು. ಇಲ್ಲಿಯ ಜನರನ್ನು ಮೊದಲು ಆರಾಮ ಎಂದು ಕೇಳಬೇಕು, ಆಮೇಲೆ ಮಾತು, ಎಂದು ಅವರಿಗೆ ಯಾರೋ ಹೇಳಿಕೊಟ್ಟಿದ್ದರು. ಅವರ ಊರಲ್ಲಿ ಆರಾಮ ಎಂದರೆ ಮಂಚದ ಮೇಲೆ ಕಾಲು ಚಾಚಿ ಮಲಗುವುದು. ಬಾಗಿಲಲ್ಲಿ ಕೇಳಿದರು, ಕೂತ ಮೇಲೆ ಕೇಳಿದರು, ಹೊರಡುವಾಗ "ಹಾಗಾದ್ರೆ ಆರಾಮಾಗಿದೀರ" ಅಂದರು. ಇವರು ಮೂರಕ್ಕೂ ತಲೆಯಾಡಿಸಿ ಆರಾಮ ಅಂದರು. ಎಡಗೈಯಲ್ಲಿ ಚಹಾ ತಂದುಕೊಟ್ಟರು. ಜೋತುಬಿದ್ದ ಕೈಯನ್ನು ನೋಡಿ ಬಂದವರಿಗೆ ಮುಜುಗರವಾಗಬಾರದೆಂದು ಅದನ್ನು ಎಡಗೈಯಿಂದ ಎತ್ತಿ ಕಿಸೆಯಲ್ಲಿ ಇಟ್ಟುಕೊಂಡಿದ್ದರು. ಅದು ಇವರ ಮರ್ಯಾದೆ. ಕಾಗದದಲ್ಲಿ ಅದು ಸೊಕ್ಕಿನ ಹಾಗೆ ಕಾಣುತ್ತಿತ್ತು.

ಇವರು ಕಾಗದವನ್ನು ಮಡಚಿ ನನ್ನ ಕೈಗೆ ಕೊಟ್ಟರು. "ಹೋಗ್ಲಿ ಬಿಡು ಸುಕನ್ಯಾ. ಗುತ್ತಿಗೆದಾರರು ಕರದಾರ. ಹುಬ್ಬಳ್ಳ್ಯಾಗ ಒಂದು ನೀರಿನ ಟಾಕಿ ಬಣ್ಣ ಹಚ್ಚೂದೈತಿ. ಎಡಗೈಲೆ ಹಚ್ಚತೇನಿ."

"ಏಣಿ ಯಾವ ಕೈಲೆ ಹಿಡೀತೀರಿ?" ಎಂದೆ.

ಇವರು ತಮ್ಮ ಎರಡೂ ಕೈಗಳನ್ನು, ಲೆಕ್ಕ ತಪ್ಪಿದವರಂತೆ, ಒಮ್ಮೆ ನೋಡಿಕೊಂಡರು. ಆದರೆ ಹುಡುಗಾಟಕ್ಕೆ ಹೇಳಿದ ಮಾತಲ್ಲ ಎಂಬುದು ನನಗೆ ಗೊತ್ತಾಯಿತು. ಆ ಟಾಕಿಯನ್ನು ನಾನು ಬಸ್ಸಿನಿಂದ ನೋಡಿದ್ದೇನೆ. ಅದರ ತುದಿಯಲ್ಲಿ ಕೂತ ಹದ್ದು ಗುಬ್ಬಿಯಷ್ಟು ಕಾಣುತ್ತದೆ. ಮೇಲ್ಮನವಿ ಬಿದ್ದುಹೋದರೆ ನನ್ನ ಗಂಡ ಒಂದು ಕೈಯಲ್ಲಿ ಕುಂಚ ಹಿಡಿದು, ಇನ್ನೊಂದು ಕೈಯಲ್ಲಿ ಏನೂ ಹಿಡಿಯದೆ ಅಲ್ಲಿಗೆ ಹತ್ತುತ್ತಾರೆ. ನಾನು ಕಾಕಾ ಅವರ ಕಡೆ ನೋಡಿದೆ. ಅವರು ಆಗಲೇ ಟೈಪ್‌ರೈಟರಿನ ಮೇಲಿನ ಬಟ್ಟೆ ತೆಗೆಯಲು ಎದ್ದಿದ್ದರು.

ಮೇಲ್ಮನವಿ ಮೂರು ಪುಟ ಆಯಿತು. ಅದರಲ್ಲಿ "ತಾಯಿಯ ಗರ್ಭದಿಂದಲೇ ವಿನಯಶೀಲನಾದ ಅರ್ಜಿದಾರನು" ಎಂದೆಲ್ಲ ಇತ್ತು. ವಿಚಾರಣೆಯ ದಿನವೂ ಗೊತ್ತಾಯಿತು. ಉಳಿದದ್ದು ಇವರ ಬಾಯಿ.

"ಅಲ್ಲೆ ಕೇಳ್ತಾರ," ಎಂದರು ಕಾಕಾ. "ಕೇಳಿದಾಗ ನೀ ಏನಂತಿ? ಆರಾಮ ಇಲ್ರೀ. ಎರಡ ಶಬ್ದ. ಅನ್ನು ನೋಡೂಣು. ಹನಮೇಶ ಅವರ, ಆರಾಮ?"

"ಆರಾಮ್ರೀ," ಎಂದರು ಇವರು, ಕಾಕಾ ಮಾತು ಮುಗಿಸುವ ಮೊದಲೇ.

"ಇಲ್ಲ ಅನ್ನು."

"ಆರಾಮ ಇಲ್ಲ ಅಂತೇನಿಲ್ರಿ."

"ಹನಮೇಶಾ."

"ಮೊದಲಿನಕಿಂತ ಆರಾಮ್ರೀ."

ಕಾಕಾ ಹಣೆ ಒತ್ತಿಕೊಂಡರು. ಒಳಗಿನಿಂದ ಅತ್ತೆ ಬಂದು ನಡುವೆ ನಿಂತರು. "ನನ್ನ ಮಗನ ಬಾಯಿಲೆ ಅಂಥಾ ಮಾತು ಆಡಸಬ್ಯಾಡ್ರಿ. ಸಂಜಿಮುಂದ ಅಸ್ತು ದೇವತಿಗೋಳು ತಿರಗತಿರತಾವ. ಯಾರೇನ ಅಂದ್ರೂ ಅಸ್ತು ಅಂತಾವ."

"ಅವು ಕಚೇರ್ಯಾಗೂ ಅದಾವ್ರಿ ಹನುಮವ್ವಾರ," ಎಂದರು ಕಾಕಾ. "ನಿಮ್ಮ ಮಗ ಆರಾಮ ಅಂದ, ಅವು ಅಸ್ತು ಅಂದ್ವು, ಶಿಕ್ಕಾ ಹೊಡದ್ವು. ಅದರ ಸಂಕಟನ ಈಗ ನಾವು ಪಡಾಕತ್ತೀವಿ."

ಎಂಟು ದಿನ ಅಭ್ಯಾಸ ನಡೆಯಿತು. ಮನೆಯಲ್ಲಿ ಕಲಿತದ್ದು ಮನೆಯಲ್ಲೇ ಉಳಿಯುತ್ತದೆ, ಹೊರಗಿನವರ ಮುಂದೆ ಅಂದರೆ ಧೈರ್ಯ ಬರುತ್ತದೆ ಎಂದು ಕಾಕಾ ತೀರ್ಮಾನಿಸಿದರು. ಒಂದು ಬೆಳಿಗ್ಗೆ ಇವರನ್ನು ಮೊಸರು ತರಲು ಕಳಿಸಲಾಯಿತು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ದಾರಿಯುದ್ದಕ್ಕೂ ಇವರ ತುಟಿ ಅಲ್ಲಾಡುತ್ತಿತ್ತು. ಮೂಲೆಯಲ್ಲಿ ಮೊಸರಿನ ಗಡಿಗೆ ಇಟ್ಟುಕೊಂಡು ಕೂರುವ ಮುದಕವ್ವ ಎಂದಿನಂತೆ ತಲೆ ಎತ್ತದೆ ಕೇಳಿದಳು: "ಆರಾಮೇನೋ ತಮ್ಮಾ?"

ಇವರು ಕಣ್ಣು ಮುಚ್ಚಿ, ಗಟ್ಟಿಯಾಗಿ, ಓಣಿಗೆಲ್ಲ ಕೇಳುವಂತೆ ಅಂದರು: "ಆರಾಮ ಇಲ್ಲ."

ಮುದಕವ್ವನ ಕೈಯಿಂದ ಸೌಟು ಗಡಿಗೆಯೊಳಗೆ ಬಿತ್ತು. ಅರವತ್ತು ವರ್ಷದಿಂದ ಅದೇ ಮೂಲೆಯಲ್ಲಿ ಅದೇ ಪ್ರಶ್ನೆ ಕೇಳುತ್ತಿದ್ದಾಳೆ, ಈ ಉತ್ತರ ಅವಳಿಗೆ ಒಮ್ಮೆಯೂ ಬಂದಿರಲಿಲ್ಲ. ಅವಳು ಗಡಿಗೆ ಬಿಟ್ಟು ಎದ್ದು ನಿಂತಳು. ಇವರು ಎಷ್ಟು ಖುಷಿಯಾಗಿದ್ದರೆಂದರೆ ಮೊಸರು ಮರೆತು ಓಡಿ ಬಂದರು. ಹಾಗೆ ಓಡಿದ್ದನ್ನು ನಾಲ್ಕು ಜನ ನೋಡಿದರು.

ಮುದಕವ್ವ ಹೇಳಿದ್ದು, ಹನಮೇಶನಿಗೆ ಆರಾಮ ಇಲ್ಲವಂತೆ ಎಂದು. ಕಿರಾಣಿ ಅಂಗಡಿ ತಲುಪುವಷ್ಟರಲ್ಲಿ ಅದು, ಕಣ್ಣು ಮುಚ್ಚಿದ್ದನಂತೆ ಎಂದಾಯಿತು. ಅಲ್ಲಿಂದ ಯಾರೋ ಅತ್ತೆಯವರ ತವರು ಅಮ್ಮಿನಬಾವಿಗೆ ಫೋನು ಹಚ್ಚಿದರು. ಅಲ್ಲಿಗೆ ಮುಟ್ಟಿದ್ದು, ಕಣ್ಣು ಮುಚ್ಚಿದ, ಎಂದಷ್ಟೇ.

ಮಧ್ಯಾಹ್ನ ಮನೆಯ ಮುಂದೆ ಟೆಂಪೋ ಬಂದು ನಿಂತಿತು. ಹದಿನಾಲ್ಕು ಜನ ಇಳಿದರು. ಎಲ್ಲರಿಗಿಂತ ಮುಂದೆ ಇವರ ಸೋದರಮಾವ ಹುಚ್ಚಪ್ಪನವರು, ತಲೆಯ ಮೇಲೆ ಟವೆಲು ಹಾಕಿಕೊಂಡು. ಹಿಂದೆ ಅವರ ಹೆಂಡತಿ ಟೆಂಪೋದ ಮೆಟ್ಟಿಲಿನಿಂದಲೇ ಹಾಡಿಕೊಂಡು ಅಳಲು ಸುರುಮಾಡಿದ್ದರು. ಹಾಡಿನಲ್ಲಿ ನಮ್ಮ ಮನೆಯವರ ಬಾಲ್ಯ ಮುಗಿದು ಮದುವೆಯ ವರ್ಣನೆ ನಡೆದಿತ್ತು. ಕೆಲವರ ಕೈಯಲ್ಲಿ ಎಳನೀರು, ಬಿಸ್ಕೀಟಿನ ಪುಡಿಕೆ ಇದ್ದವು. ಅವರು ಬಹುಶಃ ಫೋನನ್ನು ಸರಿಯಾಗಿ ಕೇಳಿಸಿಕೊಂಡವರು. ಇಬ್ಬರು ಹೂವಿನ ಹಾರ ತಂದಿದ್ದರು.

ಇವರು ಪಡಸಾಲೆಯಲ್ಲಿ ಕೂತು ಬೆಳ್ಳುಳ್ಳಿಯನ್ನು ಕಾಲಬೆರಳಿನಲ್ಲಿ ಒತ್ತಿ ಹಿಡಿದು ಎಡಗೈಯಿಂದ ಸುಲಿಯುತ್ತಿದ್ದರು. ತಲೆ ಎತ್ತಿದರು. ಹಾಡು ಅರ್ಧಕ್ಕೆ ನಿಂತಿತು.

"ಹನಮೇಶಾ," ಎಂದರು ಹುಚ್ಚಪ್ಪ ಮಾಮಾ. "ಹೆಂಗದಿಯೋ?"

ನಾನು ಒಳಗಿನಿಂದ ಕಣ್ಣಿನಲ್ಲೇ ಬೇಡಿಕೊಂಡೆ. ಇವರು ಹದಿನಾಲ್ಕು ಮುಖಗಳನ್ನು ನೋಡಿದರು, ಎಳನೀರು ನೋಡಿದರು, ಹಾರ ನೋಡಿದರು. ಅಷ್ಟು ಜನಕ್ಕೆ ಸಂಕಟ ಕೊಟ್ಟೆನಲ್ಲ ಎಂದು ಇವರ ಮುಖ ಸಣ್ಣದಾಯಿತು.

"ಆರಾಮ ಅದೇನಿ ಮಾಮಾ. ನೀವೆಲ್ಲಾ ಆರಾಮ?"

ಹದಿನಾಲ್ಕು ಜನ ಒಟ್ಟಿಗೆ "ಆರಾಮ" ಅಂದರು. ಅಭ್ಯಾಸ. ಆಮೇಲೆ ಹುಚ್ಚಪ್ಪ ಮಾಮಾ ಟವೆಲನ್ನು ತಲೆಯಿಂದ ತೆಗೆದರು. "ಆರಾಮ ಅದಿ?"

"ಹೌದ್ರಿ."

"ಮತ್ತ ಆರಾಮ ಇಲ್ಲ ಅಂದಿದ್ದಿ ಅಂತ?"

"ಅದು ಪ್ರ್ಯಾಕ್ಟೀಸ್ ಮಾಮಾ."

"ಸೋಯಾಬೀನ ರಾಶಿ ಹಂಗ ಬಿಟ್ಟು ಬಂದೇವಿ. ಮಳಿ ಮಾಡ ಆಗೇತಿ. ಪ್ರ್ಯಾಕ್ಟೀಸ್ ಅಂತಿ?"

"ತಪ್ಪಾತ್ರಿ ಮಾಮಾ. ಇನ್ನೊಮ್ಮೆ ಹಂಗ ಅನ್ನಂಗಿಲ್ಲ."

ಎಂಟು ದಿನದ ಪಾಠ ಅಲ್ಲಿಗೆ ಮುಗಿಯಿತು. ಕಾಂಪೌಂಡಿನ ಆಚೆ ನಿಂತಿದ್ದ ಮಕ್ತುಮಸಾಬ ಕಾಕಾ ಗೋಡೆಗೆ ಹಣೆ ಹಚ್ಚಿದ್ದು ಕಂಡಿತು. ಹಾಡಿ ಅಳುತ್ತಿದ್ದ ಮಾಮಾ ಅವರ ಹೆಂಡತಿ ಮಾತ್ರ ಪೇಚಿಗೆ ಬಿದ್ದರು. ಅರ್ಧ ಹಾಡಿದ ಹಾಡನ್ನು ನುಂಗುವುದು ಹೇಗೆಂದು ತಿಳಿಯದೆ ನನ್ನನ್ನು ಕೇಳಿದರು, "ಸುಕನ್ಯಾ, ಈಗ ನಾ ಏನ ಮಾಡ್ಲೆವಾ?" ನಾನು ಅವರಿಗೆ ಈರುಳ್ಳಿ ಹೆಚ್ಚಲು ಕೊಟ್ಟೆ. ಕಣ್ಣೀರು ಹಾಳಾಗಲಿಲ್ಲ. ಆ ದಿನ ನಾನು ಬಡಿದ ರೊಟ್ಟಿ ಐವತ್ತರ ಮೇಲೆ. ಹಾರಗಳನ್ನು ದೇವರಿಗೆ ಹಾಕಿದೆವು. ಎರಡನೇ ಇಯತ್ತೆಯಲ್ಲಿ ಓದುವ ಮಗಳು ಋತುಜಾ ಬಿಸ್ಕೀಟಿನ ಪುಡಿಕೆಗಳ ಮೇಲಿನ ಅಕ್ಷರಗಳನ್ನೆಲ್ಲ ಕೂಡಿಸಿ ಓದಿ, ಆಮೇಲೆ ಒಳಗಿನದನ್ನು ತಿಂದಳು.

ಸಂಜೆ ಟೆಂಪೋ ಹತ್ತುವಾಗ ಹುಚ್ಚಪ್ಪ ಮಾಮಾ ವಿಚಾರಣೆಯ ತಾರೀಖು ಕೇಳಿಕೊಂಡರು. "ನಾ ಬರ್ತೇನಿ. ಇಂವಾ ಬಾಯಿ ತಗದ್ರ ಅಲ್ಲೇ ಮುಚ್ಚಾಕ ಒಬ್ಬರು ಬೇಕು."

ವಿಚಾರಣೆಯ ಹಿಂದಿನ ದಿನ ನಾನು ಇವರ ಪ್ಯಾಂಟಿನ ಬಲಗಿಸೆಯ ಬಾಯಿಯನ್ನು ದಾರ ಹಾಕಿ ಹೊಲಿದುಬಿಟ್ಟೆ. ಯಾರಿಗೂ ಹೇಳಲಿಲ್ಲ.

ಮಗಳನ್ನು ಬಿಟ್ಟು ಹೋಗಲು ಮನೆಯಲ್ಲಿ ಯಾರೂ ಉಳಿದಿರಲಿಲ್ಲ, ಅತ್ತೆಯವರೂ ಹೊರಟು ನಿಂತಿದ್ದರು. ಹೀಗಾಗಿ ನಾವು ಆರು ಜನ ಕಚೇರಿಯ ಬೆಂಚಿನ ಮೇಲೆ ಸಾಲಾಗಿ ಕೂತೆವು. ಹೆಸರು ಕರೆದರು. ವಿಚಾರಣೆ ನಡೆಸುವ ಮೇಡಂ ಅವರು ನಮ್ಮ ಕಡೆಯವರೇ, ಐವತ್ತರ ಆಸುಪಾಸು, ಹಣೆಯ ಮೇಲೆ ದೊಡ್ಡ ಕುಂಕುಮ. ಪಕ್ಕದಲ್ಲಿ ಕಂಪ್ಯೂಟರಿನ ಮುಂದೆ ಪೂನಮ್ ಎಂಬ ಹುಡುಗಿ ಹೇಳಿಕೆ ಬರೆದುಕೊಳ್ಳಲು ಕೂತಿದ್ದಳು. ಇವರು ಎದ್ದು ಹೋಗಿ ನಿಂತರು. ಎಡಗೈ ಬಲಗೈಯನ್ನು ಎತ್ತಿ ಕಿಸೆಯ ಹತ್ತಿರ ಒಯ್ದಿತು. ಕಿಸೆ ಇರಲಿಲ್ಲ. ಎರಡು ಸಲ ಹುಡುಕಿ ಕೈಯನ್ನು ಬಿಟ್ಟರು. ಅದು ಜೋತುಬಿದ್ದು ಒಮ್ಮೆ ಅಲ್ಲಾಡಿ ನಿಂತಿತು. ತಿರುಗಿ ನನ್ನನ್ನು ನೋಡಿದರು. ನಾನು ಗೋಡೆಯ ಕ್ಯಾಲೆಂಡರು ನೋಡಿದೆ.

"ಬರ್ರಿ, ಬರ್ರಿ," ಎಂದರು ಮೇಡಂ, ಕಡತ ತೆರೆಯುತ್ತ. "ಆರಾಮ?"

ಬೆಂಚಿನ ಮೇಲಿದ್ದ ಐದೂ ಜನ ಮುಂದಕ್ಕೆ ಬಾಗಿದೆವು. ಇವರ ಕಿವಿ ಕೆಂಪಾಯಿತು. ಕಣ್ಣು ಮುಚ್ಚಿದರು.

"ಆರಾಮ ಇಲ್ರೀ."

"ಶಾಭಾಸ್," ಎಂದರು ಹುಚ್ಚಪ್ಪ ಮಾಮಾ.

ಮೇಡಂ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಆ ಕುರ್ಚಿಯಲ್ಲಿ ಕೂತವರಿಗೆ ಅರ್ಜಿದಾರರು ಏನೇನೋ ಹೇಳಿರಬಹುದು, ಆದರೆ ಆರಾಮ ಎಂದು ಕೇಳಿದರೆ ಇಲ್ಲ ಎಂದವರು ಇದ್ದಂತಿರಲಿಲ್ಲ. "ಅಯ್ಯ, ಏನಾತ್ರಿ? ಕಣ್ಣ ಮುಚ್ಚಾಕತ್ತಾರಲ್ಲ. ಪೂನಮ್, ನೀರ ಕೊಡು ಅವರಿಗೆ. ಆ ಫ್ಯಾನ್ ಇತ್ತಾಗ ತಿರಗಸ್ರಿ. ಯಾರರ ಗಾಡಿ ತಗೊಂಡ ಬರ್ರಿ, ದವಾಖಾನಿಗೆ ಒಯ್ಯೂಣು."

ಸಿಪಾಯಿ ಓಡಿದ. ಪೂನಮ್ ನೀರು ಹಿಡಿದು ಬಂದಳು. ಕುರ್ಚಿಗಳು ಸರಿದವು. ಪಕ್ಕದ ಕೋಣೆಯಿಂದ ಮೂರು ಜನ ಬಂದು ಬಾಗಿಲಲ್ಲಿ ನಿಂತರು. ತಮ್ಮಿಂದಾಗಿ ಇಡೀ ಕಚೇರಿ ಎದ್ದು ನಿಂತದ್ದನ್ನು ನನ್ನ ಗಂಡ ಕಣ್ಣು ತೆರೆದು ನೋಡಿದರು. ನಾನು ಹನ್ನೊಂದು ವರ್ಷ ಸಂಸಾರ ಮಾಡಿದವಳು, ಮುಂದೆ ಬರುವುದು ಏನೆಂದು ನನಗೆ ಗೊತ್ತಿತ್ತು.

"ಏನಿಲ್ರಿ ಮೇಡಂ," ಎಂದರು. "ಆರಾಮ ಅದೇನ್ರಿ."

ಪೂನಮ್ ಕಂಪ್ಯೂಟರಿನ ಮುಂದೆ ಮತ್ತೆ ಕೂತು ಕೇಳಿದಳು: "ಎರಡೂ ಬರೀಲೇನ್ರಿ ಮೇಡಂ?"

ಮಕ್ತುಮಸಾಬ ಕಾಕಾ ಎದ್ದರು. ಮೂವತ್ತು ವರ್ಷ ಕೋರ್ಟಿನ ಹೊರಗೆ ಕೂತವರಿಗೆ ಒಳಗೆ ಮಾತಾಡುವ ಅವಕಾಶ ಅದೇ ಮೊದಲು. "ಮೇಡಂ, ಮೊದಲನೇದು ಹೇಳಿಕಿ. ಎರಡನೇದು ಮರ್ಯಾದಿ."

ಮೇಡಂ ಕಡತದಲ್ಲಿದ್ದ ಹಳೆಯ ಕಾಗದ ತೆಗೆದು ಓದಿದರು. ಮೂರು ಸಲ ಎಂಬಲ್ಲಿಗೆ ಬಂದಾಗ ಹುಬ್ಬು ಮೇಲೇರಿತು. ಪರಿಶೀಲನೆಗೆ ಬಂದಿದ್ದ ಆ ಎಳೆಯ ಹುಡುಗನನ್ನು ಕರೆಸಿದರು. ಅವರು ಪಾಪ, ಸುಳ್ಳು ಹೇಳುವ ಜಾತಿಯವರಲ್ಲ. "ಅವ್ರೇ ಹೇಳಿದ್ರು ಮೇಡಂ. ಮೂರ್ ಸಲ ಕೇಳ್ದೆ, ಮೂರ್ ಸಲಾನೂ ಆರಾಮ ಅಂದ್ರು. ಟೀ ಬೇರೆ ಕೊಟ್ರು."

"ನೀವು ದಿನಾ ಮುಂಜಾನೆ ನನ್ನ ಆರಾಮ ಅಂತ ಕೇಳ್ತೀರಿ. ನಾ ಏನಂತೇನಿ?"

"ಆರಾಮ ಅಂತೀರಾ ಮೇಡಂ."

"ನನಗ ಎರಡ ವರ್ಷದಿಂದ ಮೊಣಕಾಲ ನೋವು. ಜಿನೇದ ಮೆಟ್ಟಲ ಹತ್ತಬೇಕಾದ್ರ ದೇವರು ಕಾಣಸ್ತಾನ."

ಪರಿಶೀಲನೆಯವರ ಮುಖದ ಬಣ್ಣ ಇಳಿಯಿತು. ಕೈಯಲ್ಲಿದ್ದ ರಿಜಿಸ್ಟರನ್ನು ಮೆಲ್ಲಗೆ ತೆರೆದು ಒಂದೊಂದೇ ಹಾಳೆ ತಿರುಗಿಸಿದರು. ನೌಕರಿಗೆ ಬಂದಾಗಿನಿಂದ ಅವರ ಕೈಯಲ್ಲಿ ಆರಾಮವಾಗಿದ್ದವರು ನಲವತ್ತಮೂರು ಜನ. "ಮೇಡಂ," ಎಂದರು, "ಇದರಲ್ಲಿ ಎರಡೂ ಕಾಲಿಲ್ಲದವರು ಒಬ್ಬರಿದ್ದಾರೆ. ಅವರು ಭಾಳಾ ಆರಾಮ ಅಂದಿದ್ರು."

ಮೇಡಂ ರಿಜಿಸ್ಟರನ್ನು ಎಳೆದುಕೊಂಡು ತಾವೂ ಎಣಿಸಿದರು.

"ಆ ನಲವತ್ತಮೂರೂ ನಾಳೆ ನನ್ನ ಟೇಬಲ್ ಮ್ಯಾಲೆ ಇಡ್ರಿ," ಎಂದರು ಮೇಡಂ. ಆಮೇಲೆ ನಮ್ಮ ಕಡೆ ತಿರುಗಿದರು. "ಹನಮೇಶ ಅವರ, ಇನ್ನ ಆ ಶಬ್ದನ ಬ್ಯಾಡ. ನೇರ ಬರಸ್ತೇನಿ. ಓದಿ ಸಹಿ ಮಾಡ್ರಿ. ಇವತ್ತ ಮಂಜೂರ ಮಾಡಿ ಕಳಸ್ತೇನಿ." ಅವರು ಹೇಳಿದರು, ಪೂನಮ್ ಬಡಿದಳು, ಹಾಳೆ ಹೊರಬಂತು. "ನನ್ನ ಬಲಗೈ ಭುಜದಿಂದ ಕೆಳಗೆ ಸ್ವಾಧೀನದಲ್ಲಿಲ್ಲ. ಈ ಅಂಗವಿಕಲತೆಯು ಶಾಶ್ವತವಾದುದೆಂದು ಒಪ್ಪಿ ಹೇಳಿಕೆ ನೀಡಿರುತ್ತೇನೆ." ಅಷ್ಟೇ, ಎರಡು ಸಾಲು.

ಹುಚ್ಚಪ್ಪ ಮಾಮಾ ಬೆಂಚಿನ ಮೇಲೆ ನಿರಾಳವಾಗಿ ಕಾಲು ಚಾಚಿದರು. ನನ್ನ ಕಣ್ಣ ಮುಂದಿದ್ದ ನೀರಿನ ಟಾಕಿ ದೂರ ಸರಿಯಿತು. ಇವರು ಎಡಗೈಯಲ್ಲಿ ಪೆನ್ನು ತೆಗೆದುಕೊಂಡರು, ಹಾಳೆಯ ಮೇಲೆ ಬಾಗಿದರು, ಹಾಗೇ ನಿಂತುಬಿಟ್ಟರು.

ಆ ಕೈ ಇನ್ನು ಬರುವುದಿಲ್ಲ ಎಂಬ ಮಾತನ್ನು ಡಾಕ್ಟರು ನಮ್ಮಿಬ್ಬರನ್ನು ಒಳಗೆ ಕರೆದು ಬಾಗಿಲು ಹಾಕಿ ಹೇಳಿದ್ದರು. ಹೊರಗೆ ಬಂದ ಮೇಲೆ ನಾವು ಯಾರಿಗೂ ಹೇಳಲಿಲ್ಲ. ಒಬ್ಬರಿಗೊಬ್ಬರು ಕೂಡ ಹೇಳಿಕೊಳ್ಳಲಿಲ್ಲ. ಅತ್ತೆಯವರು ದಿನವೂ ಆ ಕೈಗೆ ಎಣ್ಣೆ ತಿಕ್ಕುತ್ತಾರೆ, ಯಾವ ಬೆರಳಾದರೂ ಅಲ್ಲಾಡಿತೇ ಎಂದು ನೋಡುತ್ತಾರೆ. ಅವರು ಈಗ ಮಗನ ಹಿಂದೆಯೇ ಬಂದು ನಿಂತಿದ್ದರು.

"ಮೇಡಂ," ಎಂದರು ಇವರು, ಬಹಳ ಮೆಲ್ಲಗೆ. "ಇದೊಂದು ಶಬ್ದ ಬಿಟ್ಟ ಬರದ್ರ ನಡಿಯೂದಿಲ್ಲೇನ್ರಿ?"

"ನಡಿಯೂದಿಲ್ಲ ಹನಮೇಶ ಅವರ. ಎಲ್ಲಾ ಅದರ ಮ್ಯಾಲೇ ನಿಂತೈತಿ."

ಇವರು ಪೆನ್ನನ್ನು ಹಾಳೆಯ ಮೇಲೆ ಇಟ್ಟರು. "ಹಂಗಾರ ಟಾಕಿ ಕೆಲಸನ ಛಲೋ ಅನಸ್ತೈತ್ರಿ," ಎಂದು ನಗಲು ನೋಡಿದರು. ಯಾವ ಮಾತಿಗೂ ಎದುರುಮಾತು ಇಟ್ಟುಕೊಂಡಿರುವ ಕಾಕಾ ಕನ್ನಡಕ ಒರೆಸತೊಡಗಿದರು. ಹುಚ್ಚಪ್ಪ ಮಾಮಾ ಕಾಲು ಮಡಚಿಕೊಂಡರು. ನಾನು ಏನಾದರೂ ಅನ್ನಬೇಕಿತ್ತು. ನನ್ನ ಬಾಯಿಯಲ್ಲೂ ಬಂದದ್ದು, ನಾಕ ದಿನದಾಗ ಆರಾಮ ಆಗತೈತಿ ಎಂಬ ಅದೇ ಮಾತು. ಅದನ್ನು ನುಂಗಿದೆ.

ಋತುಜಾ ಯಾವಾಗಲೋ ಬೆಂಚಿನಿಂದ ಇಳಿದು ಮೇಜಿನ ಅಂಚಿಗೆ ಗದ್ದ ಊರಿ ನಿಂತಿದ್ದಳು. ಒತ್ತಕ್ಷರ ಕಂಡರೆ ಬಿಡುವವಳಲ್ಲ. ಹಾಳೆಯ ಮೇಲೆ ಬೆರಳಿಟ್ಟು, ಎಲ್ಲರಿಗೂ ಕೇಳುವಂತೆ, ಒಂದೊಂದೇ ಬಿಡಿಸಿ ಓದಿದಳು. "ಶಾ. ಶ್ವ. ತ." ಸರಿಯಾಗಿ ಓದಿದ್ದಕ್ಕೆ ಶಾಭಾಸ್ ಸಿಗಲೆಂದು ಕಾದಳು. ಅವಳು ಅಜ್ಜಿಯನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಜೋತುಬಿದ್ದ ಆ ಕೈಯ ಬೆರಳು ಹಿಡಿದುಕೊಂಡು ಇವರ ಮುಖಕ್ಕೆ ತಲೆ ಎತ್ತಿದಳು.

"ಅಪ್ಪಾ, ಶಾಶ್ವತ ಅಂದ್ರ ಎಷ್ಟ ದಿನ?"